ಮೆಣಸಿನ ಹೂವಿನ ಮಾರಿ

ನನ್ನ ಕ್ಯಾಮೆರಾ ಚೀಲದ ಸಣ್ಣ ಕಿಸೆಯಲ್ಲಿ ಗೇಣುದ್ದದ ಒಂದು ಹಸಿರು ದಾರ ಇದೆ. ಬ್ಯಾಟರಿ ಇಡಬೇಕಾದ ಜಾಗ ಅದು. ಮೊನ್ನೆ ನಮ್ಮ ಮನೆಯವರು ಬ್ಯಾಟರಿ ಹುಡುಕಿಕೊಡುತ್ತೇನೆಂದು ಕೈ ಹಾಕಿ ದಾರವನ್ನು ಹೊರಗೆಳೆದರು. ಇದನ್ನೇಕೆ ಇಟ್ಟುಕೊಂಡಿದ್ದೀ, ಎಸೆದುಬಿಡಲೇ ಎಂದು ಕೇಳಿದರು. ಹೊಲಿಗೆ ಅಂಗಡಿ ಇಟ್ಟವಳ ಮನೆಯಲ್ಲಿ ದಾರಕ್ಕೇನು ಬರ? ನೆಲ ಗುಡಿಸಿದರೆ ಹಿಡಿ ದಾರ ಬರುತ್ತದೆ, ಒಮ್ಮೊಮ್ಮೆ ಸಾರಿನಲ್ಲೂ ಬರುತ್ತದೆ. ಆದರೂ ಅವರ ಕೈಯಿಂದ ಕಿತ್ತುಕೊಂಡು ಮತ್ತೆ ಅಲ್ಲೇ ತುರುಕಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ದಾರ ಕೈಗೆ ತಾಗಿದರೆ ಈಗಲೂ ಎದೆ ಒಂದು ಸಲ ಡವ್ ಅನ್ನುತ್ತದೆ.

ಹೇಳಿಯೇಬಿಡುತ್ತೇನೆ, ಕೇಳಿ.

ಹಾವೇರಿ ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ನನ್ನ ಅಂಗಡಿ. ಬ್ಲೌಸು, ಫಾಲು, ಪೀಕೋ. ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ನನ್ನ ಮಡಿಲಿಗೆ ಹಾಕಿ ಹೋದ. ಐವತ್ತರ ಹತ್ತಿರ ಬಂದವಳಿಗೆ ಇದೇನು ಹುಚ್ಚು ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವರೇ ಸಂಜೆ ಬಂದು ನನ್ನದೊಂದು ಫೋಟೋ ತೆಗಿ ಎಂದರು. ನಾನು ಮಂದಿಯ ಫೋಟೋ ತೆಗೆಯುವುದಿಲ್ಲ. ಇಡೀ ದಿನ ಮಂದಿಯ ಅಳತೆ ತೆಗೆದು ಸಾಕಾಗಿರುತ್ತದೆ. ಸೊಂಟ ಇಷ್ಟಿಲ್ಲ, ಟೇಪು ತಪ್ಪೈತಿ ಎಂದು ಹೂವು ಯಾವತ್ತೂ ಜಗಳಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಹೂವು ಹಿಡಿದೆ.

ನನ್ನಂಥ ಹುಚ್ಚಿನವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಒಟ್ಟು ಒಂಬತ್ತು ಮಂದಿ ಇದ್ದಾರೆಂದು ವಾಟ್ಸಾಪಿನಿಂದ ಗೊತ್ತಾಯಿತು. ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ಒಮ್ಮೆ ನನ್ನ ಅಂಗಡಿ, ಒಮ್ಮೆ ರಾಣೆಬೆನ್ನೂರಿನಲ್ಲಿ ಮಂಜಣ್ಣನ ಬೀಜದ ಅಂಗಡಿಯ ಹಿಂದಿನ ಕೋಣೆ, ಒಮ್ಮೆ ಬ್ಯಾಡಗಿಯಲ್ಲಿ ಗುರಪ್ಪ ಕಾಕಾನ ಪಡಸಾಲೆ. ಮಂಜಣ್ಣನ ಪುಟ್ಟ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಫೋಟೋ ಬಿಡುತ್ತೇವೆ. ಎಲ್ಲರೂ ಒಬ್ಬೊಬ್ಬರಾಗಿ ತಪ್ಪು ಒಪ್ಪು ಹೇಳಬೇಕು. ಫೋಟೋ ತೆಗೆದವರು ಮಾತ್ರ, ಎಲ್ಲರ ಮಾತು ಮುಗಿಯುವವರೆಗೆ, ತುಟಿ ಬಿಚ್ಚುವ ಹಾಗಿಲ್ಲ. ಮೊದಮೊದಲು ಎಲ್ಲರೂ ತಮ್ಮ ಫೋಟೋದ ಪರವಾಗಿ ವಕೀಲಿಕೆ ಮಾಡಿ ಮಧ್ಯಾಹ್ನದ ಊಟ ತಪ್ಪುತ್ತಿತ್ತು, ಅದಕ್ಕೆ ಮಾಡಿಕೊಂಡ ಕಟ್ಟಳೆ ಇದು. ನನ್ನ ಕಸುಬಿನ ಗೌರವಾರ್ಥ ಅದಕ್ಕೆ 'ಬಾಯಿಗೆ ಹೊಲಿಗೆ' ಎಂದು ಹೆಸರಿಟ್ಟರು. ಈ ಹೊಲಿಗೆಯೇ ಮುಂದೆ ನನ್ನನ್ನು ಮುಳುಗಿಸಿತು.

ಮೊದಲ ಸಲ ನಾನೊಂದು ಗುಲಾಬಿ ಒಯ್ದಿದ್ದೆ. ಇಬ್ಬನಿ ಕಾಣಲಿ ಎಂದು ಇಸ್ತ್ರಿಗೆ ಇಟ್ಟುಕೊಂಡ ಸ್ಪ್ರೇ ಬಾಟಲಿಯಿಂದ ನೀರು ಹೊಡೆದಿದ್ದೆ. ಗೋಡೆಯ ಮೇಲೆ ದೊಡ್ಡದಾಗಿ ಬಿದ್ದ ಗುಲಾಬಿ ನೋಡಿ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಮಂಜಣ್ಣ ಬಹಳ ಮರ್ಯಾದೆಯಿಂದ ಎದ್ದು ನಿಂತ.

"ಅಕ್ಕಾರ, ಗುಲಾಬಿ ಚಂದ ಬಂದೈತ್ರಿ. ಹಿಂದ ಅಣ್ಣಾರ ಬನಿಯನ್ನೂ ಚಂದ ಬಂದೈತ್ರಿ."

ನೋಡಿದರೆ ಹೌದು, ಹಿತ್ತಲ ತಂತಿಯ ಮೇಲೆ ನಮ್ಮ ಮನೆಯವರ ಬನಿಯನ್ನು, ತೋಳಿನ ಕೆಳಗಿನ ತೂತಿನ ಸಮೇತ. ತೆಗೆಯುವಾಗ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಎಲ್ಲರೂ ನಕ್ಕರು. ಗುರಪ್ಪ ಕಾಕಾ ಒಬ್ಬರು ನಗಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ, ನೀರು ಹೊಡೆದ ಮಾಲು ಎಂದರು. ಆಮೇಲೆ ತಮ್ಮ ಕುರ್ಚಿಗೆ ಬಂದು ಕುಳಿತು ಸಣ್ಣಗೆ ಅಂದರು, "ಹೂ ಐತಿ."

ನಾನು ಅದನ್ನು 'ಹೂಂ, ಐತಿ' ಎಂದು ಕೇಳಿಸಿಕೊಂಡೆ. ಹೂಂ, ಇವಳಲ್ಲಿ ಏನೋ ಇದೆ ಎಂದು. ನೀರಿನ ಮಾತು ಬೈಗುಳವಾದರೂ ಕೊನೆಯ ಮಾತು ಹೊಗಳಿಕೆ ಎಂದು ಲೆಕ್ಕ ಹಾಕಿ, ಬರುವಾಗ ಪೇಡೆ ತಂದು ಮನೆಯವರಿಗೆ ತಿನ್ನಿಸಿ ನಾನೂ ತಿಂದೆ. ಮುಂದಿನ ತಿಂಗಳು ದಾಸವಾಳಕ್ಕೂ ಅದೇ ಮಾತು ಬಂತು, ಮನೆಗೆ ಪೇಡೆಯೂ ಬಂತು. ಅದರ ಮುಂದಿನ ತಿಂಗಳು ಸೇವಂತಿಗೆಗೂ. ನಾಲ್ಕನೆಯ ತಿಂಗಳು ನಾನು ನಾಚಿಕೆ ಬಿಟ್ಟು, ಕಾಕಾ ನೀವು ನನ್ನನ್ನು ಬಹಳ ಹೊಗಳುತ್ತೀರಿ ಎಂದೆ. ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಹೊಗಳಿಲ್ಲ ತಂಗಿ. ಹೂ ಐತಿ ಅಂದೆ. ಹೂ ಅಂತೂ ಐತಿ. ನೀ ಎಲ್ಲಿ ಅದಿ?"

ಮೂರು ತಿಂಗಳ ಪೇಡೆ ಹೊಟ್ಟೆಯಲ್ಲಿ ಕಲ್ಲಾಯಿತು. ಹೂವು ದೇವರು ಮಾಡಿದ್ದು, ಅದು ಚಂದವೇ ಇರುತ್ತದೆ, ಅದರಲ್ಲಿ ನಿನ್ನದೇನು ಎಂದು ಅವರು ಕೇಳಿದ್ದರು. ನನಗೆ ಸಿಟ್ಟು ಬಂತು, ಒಂದು ವಾರ ಗುಂಪಿನ ಮೆಸೇಜು ನೋಡಲಿಲ್ಲ. ಎಂಟನೆಯ ದಿನ ನೋಡಿದೆ.

ಗುರಪ್ಪ ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಲವತ್ತು ವರ್ಷ ಮಾಲು ನೋಡಿದವರು. ಕಾಯನ್ನು ಎರಡು ಬೆರಳಿನಲ್ಲಿ ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಎಷ್ಟು ಒಣಗಿದೆ, ಯಾವ ಮಣ್ಣಿನದು ಎಂದು ಹೇಳುತ್ತಿದ್ದರಂತೆ. ಯಾರಾದರೂ ತೂಕಕ್ಕೆಂದು ನೀರು ಚಿಮುಕಿಸಿ ತಂದರೆ ಚೀಲ ಬಿಚ್ಚುವ ಮೊದಲೇ ಗೊತ್ತಾಗುತ್ತಿತ್ತಂತೆ. ಆ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲವೂ ಚಹಾದ ಬಣ್ಣದ್ದಾಗಿ ಕಾಣುತ್ತಿತ್ತು. ಆಪರೇಶನ್ನಿಗೆ ಹೆದರಿ ಮುಂದೂಡುತ್ತ ಬಂದಿದ್ದರು. ಆದರೂ ಅವರ ಮುಂದೆ ನೀರು ಹೊಡೆದ ಮಾಲು ನಡೆಯುವುದಿಲ್ಲ ಎಂದು ನಾವೆಲ್ಲ ಬಲ್ಲೆವು.

ನಾನೂ ಬ್ಯಾಡಗಿಯಲ್ಲಿ ಹುಟ್ಟಿದವಳೇ. ಸುಗ್ಗಿಯಲ್ಲಿ ಊರಿಗೆ ಬಂದ ಬೀಗರು ಬಸ್ಸಿಳಿದ ಕೂಡಲೇ ಸೀನಲು ಶುರುಮಾಡುತ್ತಿದ್ದರು. ನಾವು ಮಕ್ಕಳು ಅವರ ಸೀನು ಎಣಿಸುತ್ತಿದ್ದೆವು. ನಮಗೆ ಒಂದೂ ಸೀನು ಬರುತ್ತಿರಲಿಲ್ಲ, ಅದೊಂದು ದೊಡ್ಡ ಹೆಮ್ಮೆ. ಆ ಊರಿನದೇ ಒಂದು ಫೋಟೋ ಈಗಲೂ ನನ್ನ ಅಂಗಡಿಯ ಗೋಡೆಯ ಮೇಲಿದೆ. ನನಗೆ ಏಳು ವರ್ಷ. ಅವ್ವ ಮತ್ತು ಚಿಗವ್ವ ಬೆಳಗಿನಿಂದ ಕೂತು ಮಲ್ಲಿಗೆ ಮೊಗ್ಗು ಹೊಲಿದು ಜಡೆ ಕಟ್ಟಿದ್ದರು. ಜಡೆಯ ಭಾರಕ್ಕೆ ತಲೆ ಹಿಂದಕ್ಕೆ ಜಗ್ಗಿ ನಾನು ಅಳುತ್ತಲೇ ಸ್ಟುಡಿಯೋಕ್ಕೆ ಹೋದೆ. ಅಲ್ಲಿಯವನು ನನ್ನ ಬೆನ್ನ ಹಿಂದೆ ಆಳೆತ್ತರದ ಕನ್ನಡಿ ಇಟ್ಟು, ಅಲ್ಲಾಡಿದರೆ ಜಡೆ ಉದುರುತ್ತದೆ ಎಂದು ಹೆದರಿಸಿದ. ಫೋಟೋದಲ್ಲಿ ಮುಂದೆ ನನ್ನ ಅಳುಮೋರೆ, ಹಿಂದೆ ಕನ್ನಡಿಯಲ್ಲಿ ಜಂಬದ ಜಡೆ. ಗಿರಾಕಿಗಳು ಜಡೆಯನ್ನೇ ಹೊಗಳುತ್ತಾರೆ. ಎಲ್ಲಿಂದಲೋ ಎಲ್ಲಿಗೋ ಬಂದೆ, ಕ್ಷಮಿಸಿ.

ಗುಂಪಿನವರು ಬೈದು ಬೈದು ನನ್ನನ್ನು ತಿದ್ದಿದರು ಎಂಬುದು ಸುಳ್ಳಲ್ಲ. ನಿಂತು ತೆಗೆಯಬೇಡಿ, ಹೂವಿನ ಎತ್ತರಕ್ಕೆ ಇಳಿಯಿರಿ ಎಂದರು. ಮೊಣಕಾಲು ಊರಿದೆ. ನಡುಮಧ್ಯಾಹ್ನ ತೆಗೆದ ಬಿಳಿ ಹೂ ಸುಣ್ಣ ಬಳಿದ ಹಾಗೆ ಬರುತ್ತದೆ ಎಂದರು. ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ಹೊರಟೆ. ಹತ್ತು ಹೂ ಯಾಕೆ, ಒಂದು ಸಾಕು ಎಂದರು. ಇದಕ್ಕೆ ಮಾತ್ರ ಬಹಳ ದಿನ ಹಿಡಿಯಿತು, ನನಗೆ ಏನೇ ಆದರೂ ಡಜನ್ ಲೆಕ್ಕದಲ್ಲೇ ರೂಢಿ. ಒತ್ತುವ ಮೊದಲು ನಾಲ್ಕೂ ಮೂಲೆ ನೋಡಬೇಕು ಎಂಬುದು ಮಂಜಣ್ಣನ ಮಂತ್ರ. ಬನಿಯನ್ನಿನ ದಿನದಿಂದ ಅವನು ಅದನ್ನು ನನಗೆ ನೂರು ಸಲ ಹೇಳಿದ್ದಾನೆ. ಅಷ್ಟಾದರೂ ಕಾಕಾ ಮಾತ್ರ ಹೂ ಐತಿ ಎಂಬುದರ ಮುಂದೆ ಒಂದು ಅಕ್ಷರ ಹೋಗಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಾವೇರಿಯ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಫೋಟೋಗಳನ್ನು ಒಂದು ಭಾನುವಾರ ತೂಗುಹಾಕುವುದೆಂದು ನಿಶ್ಚಯವಾಯಿತು. ಪ್ರತಿಯೊಬ್ಬರದೂ ಒಂದು, ಅದನ್ನು ಗುಂಪು ಒಪ್ಪಬೇಕು. ಅದೇ ಸಭೆಯಲ್ಲಿ ಕಾಕಾ ಮಾತಿಗೆ ಮಾತು ಬಂದು ಒಂದು ವಿಷಯ ಹೇಳಿದರು.

"ನಲವತ್ತು ವರ್ಷ ಮೆಣಸಿನಕಾಯಿ ಹಿಡದೇನಿ ತಂಗಿ. ಅದರ ಹೂವಿನ ಮಾರಿ ಒಮ್ಮೆನೂ ನೋಡಿಲ್ಲ. ಹೂ ನೆಲಾ ನೋಡತೈತಿ, ನಾ ಕಾಯಿ ನೋಡತೇನಿ."

ಮಾರಿ ಎಂದರೆ ನಮ್ಮ ಕಡೆ ಮುಖ. ಮೆಣಸಿನಗಿಡದ ಹೂ ಬೆರಳುಗುರಿನಷ್ಟು, ಬೆಳ್ಳಗೆ, ಎಲೆಯ ಕೆಳಗೆ ತಲೆ ತಗ್ಗಿಸಿ ನೇತಾಡುತ್ತದೆ. ದಿನಾ ಅದರ ಹೊಲ ದಾಟಿ ಹೋಗುವವರಿಗೂ ಕಾಣುವುದು ಅದರ ಬೆನ್ನು. ನಾನು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ. ಕಾಕಾನಿಗೆ ಆ ಮಾರಿ ತೋರಿಸಬೇಕು, ಅವರ ಬಾಯಿಂದ ಮುಂದಿನ ಮಾತು ಕೇಳಬೇಕು.

ಅಗಡಿಯ ಗಂಗವ್ವ ನನ್ನ ಹಳೆಯ ಗಿರಾಕಿ. ಅವಳ ಮೆಣಸಿನ ಹೊಲಕ್ಕೆ ಮೂರು ಬೆಳಗು ಹೋದೆ. ಮೊದಲ ದಿನ ಗಾಳಿ. ಎರಡನೆಯ ದಿನ ಕೆಸರಿನಲ್ಲಿ ಅಂಗಾತ ಮಲಗಿ ಕೆಳಗಿನಿಂದ ನೋಡಿದೆ. ಹೂವಿನ ಬದಲು ಆಕಾಶದ ಬೆಳಕೇ ಕಣ್ಣಿಗೆ ಹೊಡೆದು ಹೂ ಕಪ್ಪಾಗಿ ಬಂತು. ನಾನು ಏಳಲಾಗದೆ ಒದ್ದಾಡುವುದನ್ನು ಕಂಡು ಗಂಗವ್ವ ಯಾರಿಗೋ ಹಾವು ಕಡಿದಿದೆ ಎಂದು ಕೂಗಿಕೊಂಡು ಓಡಿಬಂದಳು. ಮೂರನೆಯ ದಿನಕ್ಕೆ ಸಭೆಗೆ ಇನ್ನೆರಡೇ ದಿನ ಉಳಿದಿತ್ತು. ಚೀಲದಲ್ಲಿ ಸೂಜಿ ದಾರದ ಡಬ್ಬಿ ಯಾವಾಗಲೂ ಇರುತ್ತದೆ. ಕೈ ತಾನಾಗಿ ಹೋಯಿತು. ಎಲೆಯ ಬಣ್ಣಕ್ಕೆ ಸರಿಯಾದ ಹಸಿರು ದಾರ ಆರಿಸಿ, ಹೂವಿನ ತೊಟ್ಟಿಗೆ ಸುತ್ತಿ, ಮೇಲಿನ ಟೊಂಗೆಗೆ ಎಳೆದು ಕಟ್ಟಿದೆ. ಹೂ ತಲೆ ಎತ್ತಿತು. ದಾರ ಕಾಣದ ಹಾಗೆ ಹೊಲಿಯುವುದೇ ನನ್ನ ಕಸುಬಲ್ಲವೇ? ಹೆಮ್ಮಿಂಗಿನಲ್ಲಿ ನನ್ನನ್ನು ಮೀರಿಸುವವರು ಹಾವೇರಿಯಲ್ಲಿಲ್ಲ. ಫೋಟೋ ಬಹಳ ಚಂದ ಬಂತು. ಬಿಳಿ ದಳ, ನಡುವೆ ನೀಲಿ ಕುಚ್ಚು, ಎಳೆ ಬಿಸಿಲು. ದಾರ ಬಿಚ್ಚಿ ಕ್ಯಾಮೆರಾ ಚೀಲದ ಕಿಸೆಗೆ ಹಾಕಿಕೊಂಡೆ. ಹೂವಿನ ತೊಟ್ಟು ಸ್ವಲ್ಪ ಜಜ್ಜಿಹೋಗಿತ್ತು. ನೋಡಿಯೂ ನೋಡದ ಹಾಗೆ ಎದ್ದು ಬಂದೆ.

ಸಭೆ ರಾಣೆಬೆನ್ನೂರಿನಲ್ಲಿ. ಕಾಕಾ ಬಂದಿರಲಿಲ್ಲ. ಕೊನೆಗೂ ಕಣ್ಣಿನ ಆಪರೇಶನ್ನಿಗೆ ಒಪ್ಪಿ, ಅದರ ತಪಾಸಣೆಗೆ ಹೋಗಿದ್ದರು. ನನ್ನ ಹೂ ಗೋಡೆಯ ಮೇಲೆ ಬಿದ್ದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನನ್ನ ಬಾಯಿಗೆ ಹೊಲಿಗೆ ಬಿದ್ದಿತ್ತು. ಆಗ ಮಂಜಣ್ಣ ಗೋಡೆಯ ಹತ್ತಿರ ಹೋದ. ಅವನದು ಬೀಜದ ವ್ಯಾಪಾರ, ಸುತ್ತಲಿನ ಹೊಲಗಳಲ್ಲಿ ಒಂದು ತಳಿಯ ಹೂವಿನ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸಿ ಬೀಜ ಮಾಡುವ ಕ್ರಾಸಿಂಗ್ ಕೆಲಸ ಅವನಿಗೆ ಚೆನ್ನಾಗಿ ಗೊತ್ತು. ಮುಟ್ಟಿಸಿದ ಹೂವಿಗೆ ಗುರುತಿಗೆಂದು ಹೆಂಗಸರು ದಾರ ಸುತ್ತುತ್ತಾರೆ. ಅವನು ಬೆರಳಿಟ್ಟು ತೋರಿಸಿದ.

"ತೊಟ್ಟಿನ ಹತ್ರ ಒಂದ ಎಳಿ ದಾರ ಕಾಣತೈತಿ ನೋಡ್ರಿ. ಇದು ಕ್ರಾಸಿಂಗ್ ಹೊಲದ ಹೂ. ಹೆಣ್ಮಕ್ಕಳು ಕೆಲಸ ಮಾಡಿ, ಎತ್ತಿ ಬಿಟ್ಟಾರ. ಅದಕ್ಕ ಮ್ಯಾಲ ನೋಡಾಕತ್ತೈತಿ."

ದಾರ ಎಂದ ಕೂಡಲೇ ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಉಳಿದವರು ಹೌದಲ್ಲ ಎಂದು ತಲೆದೂಗಿದರು. ದುಡಿಯುವ ಹೆಂಗಸಿನ ಕೈ ಕಾಣದೆಯೂ ಕಾಣುತ್ತದೆ ಎಂದು ಒಬ್ಬರೆಂದರು. ಈ ವರ್ಷದ ಅತ್ಯುತ್ತಮ ಫೋಟೋ ಇದೇ ಎಂದು ಇನ್ನೊಬ್ಬರು. ಬಾಗಿಲಿನ ಎದುರಿನ ಗೋಡೆ ಇದಕ್ಕೇ ಎಂದಾಯಿತು. ಎಲ್ಲರ ಮಾತು ಮುಗಿದ ಮೇಲೆ ಮಂಜಣ್ಣ ನನ್ನ ಕಡೆ ತಿರುಗಿ, ಅಕ್ಕಾರ, ಇನ್ನ ಹೊಲಿಗಿ ಬಿಚ್ರಿ ಎಂದ. ನಾನು ನಕ್ಕೆ. ಬರೀ ನಕ್ಕೆ. ಅಲ್ಲಿಯವರೆಗೆ ಕಟ್ಟಳೆ ನನ್ನನ್ನು ಸುಮ್ಮನಿರಿಸಿತ್ತು, ಅಲ್ಲಿಂದಾಚೆ ನಾನೇ ಸುಮ್ಮನಿದ್ದೆ.

ಹಾವೇರಿಯ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಗುರುತಿನ ದಾರ ಕೆಂಪೋ ಹಳದಿಯೋ ಇರುತ್ತದೆ, ದೂರದಿಂದ ಕಾಣಲಿ ಎಂದೇ ಕಟ್ಟುವುದು. ಗುರುತಿಗೆ ಯಾರಾದರೂ ಹಸಿರು ಗಿಡಕ್ಕೆ ಹಸಿರು ದಾರ ಕಟ್ಟುತ್ತಾರೆಯೇ? ಹಸಿರು ಕಟ್ಟುವುದು ಮುಚ್ಚಿಡುವವರು. ಮಂಜಣ್ಣ ಸಂತೋಷದ ಭರದಲ್ಲಿ ಬಣ್ಣ ನೋಡಿರಲಿಲ್ಲ. ಆದರೆ ನೋಡುವವರೊಬ್ಬರಿದ್ದಾರೆ. ಕಿಟಕಿಯ ಪಕ್ಕ ಕೂತು ನಾನು ಬೆವೆತೆ.

ಮೂರನೆಯ ದಿನ ಆ ಒಬ್ಬರದೇ ಫೋನು ಬಂತು.

"ತಂಗಿ, ಮಂಜಣ್ಣ ಹೇಳಿದ. ಮೆಣಸಿನ ಹೂವಿನ ಮಾರಿ ಹಿಡದೀಯಂತ. ಮೊಬೈಲಿಗೆ ಕಳಸಬ್ಯಾಡ. ಮುಂದಿನ ವಾರ ಶುಕ್ರವಾರ ಆಪರೇಶನ್, ಶನಿವಾರ ಪಟ್ಟಿ ಬಿಚ್ಚತಾರ. ಹೊಸಾ ಕಣ್ಣಿಲೆ ಮೊದಲ ಅದನ್ನ ನೋಡಾಂವ ನಾ."

ಆಗಲಿ ಕಾಕಾ ಎಂದೆ. ಬೇರೆ ಏನು ಅನ್ನಲಿ? ಪೇಟೆಯಲ್ಲಿ ನಲವತ್ತು ವರ್ಷ ಮೋಸದ ಮಾಲು ಬೇರ್ಪಡಿಸಿದ ಮನುಷ್ಯ, ಹೊಸ ಕಣ್ಣು ಬಂದ ಮೇಲೆ ಮೊಟ್ಟಮೊದಲು ನೋಡುವುದು ನನ್ನ ಮೋಸದ ಮಾಲು. ಅವರು ಹಿಡಿದರೆ ನನ್ನ ಮಾನ ಹೋಯಿತು. ಹಿಡಿಯದಿದ್ದರೆ ಇನ್ನೂ ಕೆಟ್ಟದ್ದು. ಸುಳ್ಳು ಹೂವನ್ನು ನಿಜವೆಂದು ನಂಬಿ, ಜನ್ಮದ ಆಸೆ ತೀರಿತು ಎಂದುಕೊಂಡು ಮನೆಗೆ ಹೋಗುತ್ತಾರೆ.

ಆ ಹತ್ತು ದಿನ ನಾನು ಮನುಷ್ಯಳಾಗಿರಲಿಲ್ಲ. ಒಂದು ಬ್ಲೌಸಿಗೆ ಎರಡೂ ಎಡ ತೋಳೇ ಹಚ್ಚಿದೆ. ಫೋನು ಬಡಿದರೆ ಬೆಚ್ಚಿಬೀಳುತ್ತಿದ್ದೆ. ಹಸಿರು ಬ್ಲೌಸಿಗೆ ದಾರ ಯಾವುದು ಎಂದು ಗಿರಾಕಿಯೊಬ್ಬಳು ಸುಮ್ಮನೆ ಕೇಳಿದ್ದಕ್ಕೆ ಯಾವ ದಾರ, ಏನು ದಾರ ಎಂದು ಹರಿಹಾಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಂಡೆ. ಕಾಕಾನ ನಂಬರು ಒತ್ತುವುದು, ಒಂದು ರಿಂಗಿಗೆ ಕಡಿಯುವುದು. ಆಪರೇಶನ್ನಿಗೆ ಮುಂಚೆ ಅವರ ಮನಸ್ಸು ಕೆಡಿಸಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆಪರೇಶನ್ ಆದ ಮೇಲೆ ಕಣ್ಣಿಗೆ ನೀರು ಬರಬಾರದು ಎಂದು ಇನ್ನೊಂದು ನೆಪ. ನಿಜ ಹೇಳಬೇಕೆಂದರೆ ಬಾಗಿಲ ಎದುರಿನ ಗೋಡೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ನನಗೆ ಅದು ಬೇಕಾಗಿತ್ತು.

ಭಾನುವಾರ ಬಂತು. ಹಾಲಿನ ಬಾಗಿಲಿಗೆ ಎದುರಾಗಿ, ಕಟ್ಟು ಹಾಕಿಸಿದ ನನ್ನ ಹೂ. ಕೆಳಗೆ ಚೀಟಿಯಲ್ಲಿ ಮಂಜಣ್ಣನ ಅಕ್ಷರ: ಕ್ರಾಸಿಂಗ್ ಹೊಲದ ಹೂ. ಬಂದವರಿಗೆಲ್ಲ ಅವನೇ ನಿಂತು ವಿವರಿಸುತ್ತಿದ್ದ, ದಾರ ತೋರಿಸುತ್ತಿದ್ದ. ನಾನು ಕಂಬದ ಹತ್ತಿರ ನಿಂತು ಬಾಗಿಲನ್ನೇ ನೋಡುತ್ತಿದ್ದೆ. ಹನ್ನೊಂದರ ಸುಮಾರಿಗೆ ಕಾಕಾ ಬಂದರು, ಸೊಸೆಯ ಕೈ ಹಿಡಿದು. ಕರಿ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಬ್ಬಕ್ಕೆ ಬಂದ ಹಾಗೆ ಬಂದಿದ್ದರು. ದಾರಿಯುದ್ದಕ್ಕೂ ನೆಲವನ್ನೇ ನೋಡುತ್ತ ಬಂದರಂತೆ, ಬೇರೇನೂ ಮೊದಲು ನೋಡಬಾರದೆಂದು. ಸೊಸೆ ನಗುತ್ತ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವರಿಗೂ ಫೋಟೋಕ್ಕೂ ನಡುವೆ ನಿಂತೆ.

"ಕಾಕಾ, ಅದನ್ನ ನೋಡಬ್ಯಾಡ್ರಿ. ಅದು ಸುಳ್ಳೈತಿ. ದಾರ ನಾನ ಕಟ್ಟೇನಿ."

ಕಾಕಾ ತಲೆ ಎತ್ತಲಿಲ್ಲ. ನಾನು ತಿರುಗಿ ಫೋಟೋ ಇಳಿಸಿ, ಮುಖ ಗೋಡೆಗೆ ಮಾಡಿ ನೆಲಕ್ಕೆ ಇಟ್ಟೆ. ಇಡುವ ಅವಸರಕ್ಕೆ ಕಟ್ಟಿನ ಮೂಲೆ ಒಡೆಯಿತು. ಮಂಜಣ್ಣ ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ, ಮುಖ ಕೆಂಪಾಗಿತ್ತು.

"ನನ್ನ ಯಾಕ ಮಂಗ್ಯಾ ಮಾಡಿದ್ರಿ ಅಕ್ಕಾರ?" ಎಂದ. ಉತ್ತರಕ್ಕೆ ಕಾಯದೆ ಹೊರಗೆ ಹೋದ.

ಕಾಕಾ ಖಾಲಿ ಗೋಡೆಯ ಮೊಳೆಯನ್ನು ನೋಡಿದರು. ಹೊಸ ಕಣ್ಣಿಗೆ ಮೊದಲು ಕಂಡದ್ದು ಅದು, ಒಂದು ಮೊಳೆ.

"ಹಂಗಾರ ನಾ ಏನ ನೋಡ್ಲಿ ತಂಗಿ?" ಎಂದು ಕೇಳಿದರು.

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೇ ಕೇಳಿದರು, ಮುಂದೆ ಯಾವ ಕಡೆ ತಿರುಗಬೇಕೆಂದು ಗೊತ್ತಾಗದವರ ಹಾಗೆ. ಸೊಸೆ ಅವರನ್ನು ಬೇರೆ ಫೋಟೋಗಳ ಕಡೆ ಕರೆದುಕೊಂಡು ಹೋದಳು. ಆ ಮೊಳೆ ಇಡೀ ದಿನ ಹಾಗೇ ಇತ್ತು. ಬಂದವರು ಇಲ್ಲೇನಿತ್ತು ಎಂದು ಕೇಳುತ್ತಿದ್ದರು.

ಆಮೇಲಿನ ಎರಡು ವಾರ ಗುಂಪಿನಲ್ಲಿ ನನ್ನ ಹೆಸರೆತ್ತಿ ಯಾರೂ ಏನೂ ಬರೆಯಲಿಲ್ಲ. ನಾನೂ ಕ್ಯಾಮೆರಾ ಮುಟ್ಟಲಿಲ್ಲ. ಮಿಶಿನ್ನು ತುಳಿಯುತ್ತ ಕೂತೆ. ಒಂದು ದಿನ ಮಧ್ಯಾಹ್ನ ಬಾಗಿಲಲ್ಲಿ ಕರಿ ಕನ್ನಡಕ ಕಾಣಿಸಿತು. ಕಾಕಾ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು, ಅಂಗಿಯ ಗುಂಡಿ ಹಚ್ಚಿಸಲಿಕ್ಕೆ. ಬ್ಯಾಡಗಿಯಲ್ಲಿ ಗುಂಡಿ ಹಚ್ಚುವವರು ಯಾರೂ ಇಲ್ಲವೇನೋ. ನಾನು ತಲೆ ತಗ್ಗಿಸಿ ಗುಂಡಿ ಹಚ್ಚತೊಡಗಿದೆ. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಅವರು ಗೋಡೆ ನೋಡುತ್ತ ನಿಂತರು. ನನ್ನ ಅಳುಮೋರೆಯ ಫೋಟೋ ಅವರು ಎಷ್ಟೋ ಸಲ ಬಂದಾಗಲೂ ಅಲ್ಲೇ ಇತ್ತು, ಆದರೆ ಚಹಾದ ಬಣ್ಣದ ಕಣ್ಣಿಗೆ ಬಿದ್ದಿರಲಿಲ್ಲ.

ಇದು ಯಾರು ಎಂದರು. ನಾನೇ ಎಂದೆ. ಜಡೆ ಹಿಂದೆ ಇದೆಯಲ್ಲ, ಅದು ಹೇಗೆ ಕಂಡಿತು ಎಂದರು. ಕನ್ನಡಿ ಇಟ್ಟಿದ್ದರು ಎಂದೆ. ಅವರು ಫೋಟೋದಲ್ಲಿನ ಕನ್ನಡಿಯ ಅಂಚಿನ ಮೇಲೆ ಬೆರಳಾಡಿಸಿದರು.

"ಅಂದ್ರ ನಿನ್ನ ಕುತಿಗಿ ತಿರುವಲಿಲ್ಲ," ಎಂದರು.

ನನ್ನ ಕೈಯಲ್ಲಿ ಸೂಜಿ ನಿಂತಿತು. ಪಕ್ಕದ ಮೇಜಿನ ಮೇಲೆ ಕೈಗನ್ನಡಿ ಇತ್ತು. ಬ್ಲೌಸಿನ ಹಿಂದಿನ ಕೊರಳು ಹೇಗೆ ಬಂದಿದೆ ಎಂದು ಗಿರಾಕಿಗಳಿಗೆ ತೋರಿಸಲು ದಿನಾ ಹತ್ತು ಸಲ ಹಿಡಿಯುವ ಕನ್ನಡಿ. ಕಾಣದ ಬೆನ್ನನ್ನು ತೋರಿಸುವುದು ನನ್ನ ದಿನನಿತ್ಯದ ಕೆಲಸ, ಒಬ್ಬರ ಕುತ್ತಿಗೆಯನ್ನೂ ನಾನು ತಿರುವಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ನನಗೆ ಮಾತ್ರ ಬುದ್ಧಿ ಬರಲು ಕನ್ನಡಿಯೇ ಬೇಕಾಯಿತು. ಕಾಕಾ ಗುಂಡಿ ಎಳೆದು ಗಟ್ಟಿ ಇದೆಯೇ ನೋಡಿದರು. ಹೂ ಇನ್ನೂ ಎಂಟು ಹತ್ತು ದಿನ ಇರುತ್ತವೆ ಎಂದು ಬಾಗಿಲಲ್ಲಿ ತಿರುಗಿ ಹೇಳಿದರು.

ಮರುದಿನ ಬೆಳಿಗ್ಗೆ ಗಂಗವ್ವನ ಹೊಲದ ಬದುವಿನ ಮೇಲೆ, ರಾತ್ರಿಯೇ ಫೋನು ಮಾಡಿ ಕರೆಸಿಕೊಂಡ ಕಾಕಾನಿಗೆ ಒಂದು ಸ್ಟೂಲು ಹಾಕಿದೆ. ಒಂದು ಗಿಡದ ಬುಡದಲ್ಲಿ ಮಣ್ಣು ಸಮ ಮಾಡಿ ಕೈಗನ್ನಡಿಯನ್ನು ಅಂಗಾತ ಇಟ್ಟೆ. ಹೂವನ್ನು ಮುಟ್ಟಲಿಲ್ಲ, ಉಸಿರೂ ಬಿಡಲಿಲ್ಲ. ಕನ್ನಡಿಯನ್ನು ಒಂದಿಷ್ಟು ಬೆಳಕಿನ ಕಡೆ ಓರೆ ಮಾಡಿದಾಗ ಅದರಲ್ಲಿ ಹೂವಿನ ಮುಖ ಮೂಡಿತು. ಕಾಕಾನನ್ನು ಕರೆದೆ. ಅವರು ನನ್ನ ಹೆಗಲು ಹಿಡಿದು ನಿಧಾನಕ್ಕೆ ಕುಕ್ಕರುಗಾಲಲ್ಲಿ ಕುಳಿತು, ಕರಿ ಕನ್ನಡಕ ತೆಗೆದು ಕನ್ನಡಿಗೆ ಬಗ್ಗಿದರು. ಬಹಳ ಹೊತ್ತು ನೋಡಿದರು.

"ನಡುವ ನೀಲಿ ಐತಿ," ಎಂದರು. "ಇಷ್ಟು ವರ್ಷ ಇಷ್ಟು ಕೆಂಪು ಹಿಡದೆ, ಶುರುವಿಗೆ ನೀಲಿ ಇರತೈತಿ ಅಂತ ಗೊತ್ತಿರಲಿಲ್ಲ."

ಕಣ್ಣು ಒರೆಸಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ನಾನು ನೆನಪಿಸಬೇಕಾಯಿತು. ನನ್ನವನ್ನು ನಾನು ಒರೆಸಿಕೊಂಡೆ.

ಫೋಟೋ ಮಾತ್ರ ಸುಲಭವಾಗಲಿಲ್ಲ. ಹೂವಿನ ಮುಖ ಪೂರ್ತಿ ಕಾಣುವಷ್ಟು ಬಗ್ಗಿದರೆ ಕನ್ನಡಿಯ ಮೂಲೆಯಲ್ಲಿ ನನ್ನ ಹಣೆ ಬರುತ್ತಿತ್ತು, ಹಣೆಯ ಮೇಲೆ ಕುಂಕುಮ, ಬೆವರಿಗೆ ಅಂಟಿದ ಎರಡು ಬಿಳಿ ಕೂದಲು. ಸರಿದರೆ ಹೂ ತಪ್ಪುತ್ತಿತ್ತು. ಹೊತ್ತೇರಿ ಬಿಸಿಲು ಖಡಕ್ಕಾಗುವವರೆಗೆ ಹೆಣಗಿದೆ. ಒಂದರಲ್ಲೂ ಹಣೆ ಬಿಡಲಿಲ್ಲ.

ಆ ತಿಂಗಳ ಸಭೆ ಬ್ಯಾಡಗಿಯಲ್ಲಿ, ಕಾಕಾನ ಪಡಸಾಲೆಯಲ್ಲಿ. ಹೋಗಬೇಕೋ ಬೇಡವೋ ಎಂದು ಬಸ್ಸು ಹತ್ತುವವರೆಗೂ ಗೊತ್ತಿರಲಿಲ್ಲ. ಮಂಜಣ್ಣ ಮೂಲೆಯಲ್ಲಿ ಪ್ರೊಜೆಕ್ಟರಿನ ವಯರು ಬಿಡಿಸುತ್ತಿದ್ದ, ತಲೆ ಎತ್ತಲಿಲ್ಲ. ನನ್ನ ಸರದಿ ಬಂತು. ಗೋಡೆಯ ಮೇಲೆ ಮಣ್ಣು, ಕನ್ನಡಿ, ಎಲೆಯ ಕೆಳಗೆ ತಲೆ ತಗ್ಗಿಸಿದ ಹೂವಿನ ಬೆನ್ನು, ಕನ್ನಡಿಯೊಳಗೆ ಅದರ ಮುಖ. ನನ್ನ ಕಿವಿಯಲ್ಲಿ ಮಿಶಿನ್ನು ಓಡಿದ ಹಾಗೆ ಸದ್ದು. ನಾನು ಹೇಳಿಕೊಳ್ಳಬೇಕಾದದ್ದು ಬಹಳ ಇತ್ತು, ಆದರೆ ಈ ಸಲ ಬಾಯಿಗೆ ಬಿದ್ದ ಹೊಲಿಗೆ ನಾನೇ ಬಯಸಿದ್ದು. ಕೊನೆಗೆ ಎದ್ದವನು ಮಂಜಣ್ಣ. ಗೋಡೆಯ ಹತ್ತಿರ ಹೋಗಿ ತೊಟ್ಟಿನ ಮೇಲೆ ಬೆರಳಾಡಿಸಿ, ದಾರ ಹುಡುಕಿದ. ಟೊಂಗೆಯ ಮೇಲೆ ಹುಡುಕಿದ. ಆಮೇಲೆ ಬೆರಳು ಕೆಳಗಿಳಿದು ಕನ್ನಡಿಯ ಮೂಲೆಗೆ ಬಂತು.

"ಅಕ್ಕಾರ, ನಾಲ್ಕೂ ಮೂಲಿ ನೋಡ್ರಿ ಅಂತ ನೂರು ಸಲ ಹೇಳೇನಿ. ಇಲ್ಲಿ ನಿಮ್ಮ ಹಣಿ ಬಂದೈತ್ರಿ."

ತಪ್ಪು ಹೇಳಿದನಲ್ಲ, ಸಾಕು. ಅಕ್ಕಾರ ಎಂದನಲ್ಲ. ಉಳಿದವರೂ ಬಾಯಿ ಬಿಟ್ಟರು. ಹಣೆ ಕತ್ತರಿಸಬಹುದು ಎಂದು ಒಬ್ಬರು, ಕತ್ತರಿಸಿದರೆ ಕನ್ನಡಿಯೂ ಹೋಗುತ್ತದೆ ಎಂದು ಇನ್ನೊಬ್ಬರು. ಎಲ್ಲರದೂ ಆದ ಮೇಲೆ ಕಾಕಾನದೊಂದೇ ಉಳಿಯಿತು. ಅವರು ಎದ್ದು ಗೋಡೆಯ ಹತ್ತಿರ ಹೋಗಲಿಲ್ಲ. ಈಗ ಅದರ ಗರಜು ಇರಲಿಲ್ಲ, ಕುಳಿತಲ್ಲಿಂದಲೇ ನೋಡಿದರು. ಕನ್ನಡಿಯನ್ನು, ಹೂವನ್ನು, ಮೂಲೆಯ ಹಣೆಯನ್ನು.

"ಹೂ ಐತಿ," ಎಂದರು.

ನಾನು ಕಣ್ಣು ಮುಚ್ಚಿದೆ.

"ನೀನೂ ಅದಿ."

ಸರದಿ ಮುಗಿಯಿತು, ಇನ್ನ ಹೊಲಿಗಿ ಬಿಚ್ರಿ ಅಕ್ಕಾರ ಎಂದು ಮಂಜಣ್ಣ ಎರಡು ಸಲ ಹೇಳಿದನಂತೆ. ನನಗೆ ಕೇಳಿಸಲಿಲ್ಲ.